ಉರಿಯ ಬಣ್ಣ ಕೇಳುತ್ತಿದ್ದವರು

ಎದುರಿಗೆ ಸಿಕ್ಕವರನ್ನು ನಾವೆಲ್ಲ ‘ಊಟ ಆಯ್ತಾ’ ಎಂದು ಕೇಳಿದರೆ, ಗೋಬರ್ ಗ್ಯಾಸ್ ಆಫೀಸರಾಗಿದ್ದ ಇವರು ‘ಉರಿ ಯಾವ ಬಣ್ಣ ಇದೆ’ ಎಂದು ಕೇಳುತ್ತಿದ್ದರು. ಹೊಸಬರು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. ಹಳಬರು ‘ನೀಲಿ ಸಾ, ನೀಲಿ’ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಒಲೆಯ ಉರಿ ನೀಲಿಯಾಗಿದ್ದರೆ ಗೋಬರ್ ಗ್ಯಾಸು ಸರಿಯಾಗಿ ಉರಿಯುತ್ತಿದೆ, ಆ ಮನೆ ಚೆನ್ನಾಗಿದೆ, ಲೋಕವೂ ಒಂದಿಷ್ಟು ಚೆನ್ನಾಗಿದೆ ಎಂದು ಅವರ ಭಾವನೆ. ಹಳದಿ ಎಂದು ಯಾರಾದರೂ ಹೇಳಿಬಿಟ್ಟರೆ ಅಲ್ಲೇ ಸೈಕಲ್ ತಿರುಗಿಸಿ ಆ ಮನೆಗೆ ನಡೆದರು ಎಂದೇ ಅರ್ಥ. ಬೀಡಿ ಸಿಗರೇಟು ಮುಟ್ಟದ ಮನುಷ್ಯ, ಆದರೆ ಅಂಗಿಯ ಜೇಬಿನಲ್ಲಿ ಸದಾ ಒಂದು ಬೆಂಕಿಪೊಟ್ಟಣ. ಯಾರ ಮನೆಗೆ ಹೋದರೂ ‘ಅಮ್ಮಾ, ಒಂದ್ ನಿಮಿಷ’ ಎನ್ನುತ್ತ ಸೀದಾ ಅಡಿಗೆಮನೆಗೆ ನುಗ್ಗಿ, ತಿರುಪು ತಿರುಗಿಸಿ, ಕಡ್ಡಿ ಗೀರಿ, ಬಗ್ಗಿ ನೋಡುವುದು ಅವರ ಚಟ. ಇದರಿಂದ ಒಂದೆರಡು ಮನೆಗಳಲ್ಲಿ ಬೈಸಿಕೊಂಡದ್ದೂ ಉಂಟು.

ಕಳೆದ ತಿಂಗಳು ಅವರು ತೀರಿಕೊಂಡರು. ನಿವೃತ್ತರಾದ ಮೇಲೆ ತಿರುಮಕೂಡಲು ನರಸೀಪುರದಲ್ಲೇ ಇದ್ದರು. ಇಲಾಖೆಯ ಹಳೆಯ ಸಹೋದ್ಯೋಗಿಗಳು ಸೇರಿ ಸಭೆ ಮಾಡಿ, ಪ್ರಾಮಾಣಿಕರು, ದುಡಿಮೆಗಾರರು, ಪರಿಸರಪ್ರೇಮಿ ಎಂದೆಲ್ಲ ಹೊಗಳಿದರಂತೆ. ಯಾವುದೂ ಸುಳ್ಳಲ್ಲ. ನಾನೂ ಅಂಥದ್ದೇ ನಾಲ್ಕು ಮಾತು ಬರೆಯೋಣವೆಂದು ಕೂತವಳು. ಕೂತಷ್ಟು ಹೊತ್ತೂ ಮುಖ ಬಿಸಿಯಾಗುತ್ತದೆ. ನಾನು ಅವರಿಗೆ ಮಾಡಿದ್ದು ಸರಿಯಲ್ಲ, ಅವರೊಬ್ಬರಿಗೇ ಮಾಡಿದ್ದೂ ಅಲ್ಲ. ಅದನ್ನು ಮುಚ್ಚಿಟ್ಟು ಬರೀ ಗುಣಗಾನ ಮಾಡಿದರೆ, ನಮ್ಮವ್ವ ಬದುಕಿದ್ದಿದ್ದರೆ ಕೆನ್ನೆಗೊಂದು ಬಿಡುತ್ತಿದ್ದಳು.

ನಮ್ಮೂರು ನಂಜನಗೂಡು ತಾಲ್ಲೂಕಿನದು, ತಗಡೂರಿನ ಕಡೆ. ಇರುವುದು ಎರಡು ಬೀದಿ. ದೊಡ್ಡಬೀದಿಯವರು ಮಠಕ್ಕೆ ನಡೆದುಕೊಳ್ಳುವ ಶಿವಭಕ್ತರು. ಗದ್ದೆ, ಅಂಗಡಿ, ಕೊಟ್ಟಿಗೆ ತುಂಬ ದನ ಎಲ್ಲ ಅವರದು. ನಮ್ಮದು ಹೊಸಬೀದಿ. ನಮ್ಮಪ್ಪ ಬುದ್ಧನ ಪಟವೊಂದನ್ನು ತಂದು ಗೋಡೆಗೆ ತೂಗುಹಾಕಿದ ಮೇಲೆ ಒಂದೊಂದೇ ಮನೆಯವರು ಅಂಥದ್ದೇ ಪಟ ತಂದರು. ಬೀದಿಗೆ ಬೀದಿಯೇ ಕೂಲಿಗೆ ಹೋಗುತ್ತಿತ್ತು. ಆದರೂ ಮನೆಗೊಂದು ಹಸುವೋ ಎಮ್ಮೆಯೋ ಇತ್ತು. ಅದರ ಸಗಣಿಯನ್ನು ಹೆಂಗಸರು ಗೋಡೆಗೆ ಬೆರಣಿ ತಟ್ಟಿ, ಒಣಗಿಸಿ, ಸೌದೆಯ ಜೊತೆಗೆ ಉರಿಸುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಇವರು ನಂಜನಗೂಡಿನ ಕಚೇರಿಯಿಂದ ನಮ್ಮೂರಿಗೆ ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಟೇಪು, ಬಾಯಿ ತುಂಬ ಮಾತು. ಇಡೀ ಊರಿನ ಸಗಣಿ ಒಂದೇ ಗುಂಡಿಗೆ, ಆ ಗುಂಡಿಯ ಗ್ಯಾಸು ಇಡೀ ಊರಿನ ಒಲೆಗಳಿಗೆ. ಇದು ಅವರ ಯೋಜನೆ. ಸರ್ಕಾರದ್ದು ಎನ್ನುವುದಕ್ಕಿಂತ ಅವರದ್ದೇ ಎನ್ನಬೇಕು, ಮೇಲಿನವರ ಬೆನ್ನು ಬಿದ್ದು ಮಂಜೂರು ಮಾಡಿಸಿದವರು ಅವರು. ಮೊದಲ ದಿನವೇ ನಮ್ಮ ಬೀದಿಗೆ ಬಂದು, ನಮ್ಮ ಮನೆಯ ಜಗಲಿಯ ಮೇಲೆ ಕೂತು, ‘ಕುಡಿಯೋಕೆ ನೀರು ಕೊಡಮ್ಮ’ ಎಂದು ಅವ್ವನನ್ನು ಕೇಳಿದರು. ವಿಭೂತಿಯವರು ನಮ್ಮ ಮನೆಯಲ್ಲಿ ನೀರು ಕೇಳುವುದು ಆಗ ದಿನಾ ಆಗುವ ಸಂಗತಿಯಾಗಿರಲಿಲ್ಲ. ಅವ್ವ ಚೊಂಬನ್ನು ಎರಡೆರಡು ಸಲ ತೊಳೆದು ಕೊಟ್ಟಳು.

ಆಮೇಲೆ ಶುರುವಾಯಿತು ಅವರ ಭಾಷಣ. “ನೋಡ್ರಮ್ಮ, ಈ ಭೂಮಿ ಅನ್ನೋದು ಒಂದೇ ಅಡಿಗೆಮನೆ. ಗವಾಕ್ಷಿ ಇಲ್ಲ ಇದಕ್ಕೆ. ಅಮೆರಿಕದೋನು ಕಲ್ಲಿದ್ದಲು ಸುಟ್ರೂ ಅಷ್ಟೇ, ನೀವು ಜಾಲಿ ಸೌದೆ ಸುಟ್ರೂ ಅಷ್ಟೇ, ಹೊಗೆ ಇಲ್ಲೇ ಸುತ್ತುತ್ತೆ. ಸೆಕೆ ಜಾಸ್ತಿ ಆಗುತ್ತೆ, ಮಳೆ ದಾರಿ ತಪ್ಪುತ್ತೆ. ಭೂಮಿ ಅಡೀಲಿರೋದನ್ನ ಅಗೆದು ಸುಡೋದು ಬಿಟ್ಟು, ದಿನಾ ಹುಟ್ಟೋದನ್ನ ಉರಿಸಬೇಕು. ಸಗಣಿ ದಿನಾ ಹುಟ್ಟುತ್ತೆ. ಬಿಸಿಲು ದಿನಾ ಹುಟ್ಟುತ್ತೆ.”

ಬೀದಿಯವರು ತಲೆಯಾಡಿಸಿದರು. ಅವ್ವ ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು: “ಅಮೇರಿಕ್‌ದೋನು ಎಸ್ಟ್ ಸುಡ್ತಾನೆ ಸಾ? ನಾನೆಸ್ಟ್ ಸುಡ್ತೀನಿ?”

ಅವರು ಜೋರಾಗಿ ನಕ್ಕರು. “ನೀನು ಕೇಳೋದು ಸರಿ ಕಣಮ್ಮ. ಅವನ ಹೊಗೆ ಲೋಕಕ್ಕೆ ಹೋಗುತ್ತೆ, ನಿನ್ನ ಹೊಗೆ ಮೊದಲು ನಿನ್ನ ಎದೆಗೆ ಹೋಗುತ್ತೆ. ಅವನದನ್ನ ನಿಲ್ಲಿಸೋಕೆ ನನ್ನ ಕೈಲಾಗಲ್ಲ. ನಿನ್ನದನ್ನ ನಿಲ್ಲಿಸ್ತೀನಿ, ನೋಡ್ತಾ ಇರು.”

ಅವ್ವನಿಗೆ ಆಗಲೇ ಉಬ್ಬಸ ಹತ್ತಿತ್ತು. ನಮ್ಮ ಅಡಿಗೆಮನೆ ಎಂದರೆ ಒಂದು ಮೂಲೆ, ಗಾಳಿ ಆಡಲು ಹೆಂಚಿನ ಸಂದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಊದುಗೊಳವೆ ಹಿಡಿದು ಒಲೆ ಊದಿ ಊದಿ, ಎದ್ದು ಬಂದು, ಬಾಗಿಲ ಚೌಕಟ್ಟು ಹಿಡಿದು ಉಸಿರಿಗೆ ಕಾಯುತ್ತಿದ್ದಳು. ಅವಳ ಎದೆಗೆ ಈ ಹೊಗೆ ತಪ್ಪಬೇಕು, ನನಗೆ ಬೇಕಾಗಿದ್ದದ್ದು ಅಷ್ಟೆ. ಭೂಮಿಯ ಸೆಕೆ ನನ್ನ ತಲೆಗೆ ಹೋಗಲಿಲ್ಲ.

ನಾನು ಆಗ ಪಿಯುಸಿ ಮುಗಿಸಿ, ನರ್ಸ್ ತರಬೇತಿಗೆ ಸೀಟು ಸಿಗುವುದನ್ನು ಕಾಯುತ್ತ ಮನೆಯಲ್ಲಿದ್ದೆ. ಬೀದಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ಅವರು ನನ್ನನ್ನು ಹಿಡಿದುಕೊಂಡರು. “ನಾನು ಹೇಳಿದ್ರೆ ಆಫೀಸರ್ ಮಾತು ಅಂತಾರೆ, ನೀನು ಹೇಳಿದ್ರೆ ಮನೆ ಮಗಳ ಮಾತು ಅಂತಾರೆ” ಎಂದರು. ನನಗೆ ಕೊಂಬು ಬಂತು. ಮನೆಮನೆಗೆ ಹೋಗಿ, ಬೆರಣಿ ತಟ್ಟಬೇಡಿ, ಸಗಣಿಯನ್ನೆಲ್ಲ ಗುಂಡಿಗೆ ಕೊಡಿ, ಗ್ಯಾಸು ಬಂದ ಮೇಲೆ ಸೌದೆಯೂ ಬೇಡ ಬೆರಣಿಯೂ ಬೇಡ, ಉಳಿದ ಬಗ್ಗಡ ಗೊಬ್ಬರವಾಗಿ ನಿಮಗೇ ವಾಪಸ್ಸು ಬರುತ್ತದೆ ಎಂದು ಸಾರಿದೆ. ಹಿರಿಯ ಹೆಂಗಸರು ಅನುಮಾನಿಸಿದರೆ ಜಗಳವಾಡಿದೆ. ಅವ್ವ ಎಲ್ಲರಿಗಿಂತ ಮೊದಲು ಒಪ್ಪಿದಳು. “ಓದ್ದೋಳು ನೀನು ಯೇಳ್ದ್ ಮ್ಯಾಕೆ ಸರಿಯೇ ಇರ್ತದೆ” ಎಂದು ಗೋಡೆಯ ಬೆರಣಿ ಕೆರೆದು ತೆಗೆದು, ಆ ಜಾಗಕ್ಕೆ ಸುಣ್ಣ ಬಳಿದಳು.

ತಕರಾರು ಹುಟ್ಟಿದ್ದು ಸಗಣಿಯಲ್ಲಲ್ಲ, ಪೈಪಿನಲ್ಲಿ. ಇವರು ಗುಂಡಿ ತೋಡಲು ಗುರುತು ಮಾಡಿದ್ದ ಜಾಗ ಎರಡೂ ಬೀದಿಗಳ ನಡುವಿನ ಬಯಲು. ಅಲ್ಲಿಂದ ಆ ಕಡೆಗೊಂದು, ಈ ಕಡೆಗೊಂದು ಪೈಪು ಎಳೆದರೆ ಇಬ್ಬರಿಗೂ ಗ್ಯಾಸು ಸಮ. ದೊಡ್ಡಬೀದಿಯ ಯಜಮಾನರು ಒಪ್ಪಲಿಲ್ಲ. ಹೊಸಬೀದಿಯ ಪಕ್ಕದ ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನಾವು ಶಿವಪೂಜೆಯ ನೈವೇದ್ಯ ಬೇಯಿಸುವುದು ಹೇಗೆ ಎಂದರು. ಸಗಣಿ ಎಲ್ಲರದೂ ಬೆರೆಯಬಹುದು, ಅದು ಗೋವಿನದು. ಆದರೆ ಗ್ಯಾಸು ಮೊದಲು ನಮ್ಮ ಬೀದಿಯ ಮನೆಗಳನ್ನು ದಾಟಿ ಆಮೇಲೆ ನಿಮ್ಮ ಬೀದಿಗೆ ಹೋಗಲಿ, ನಿಮ್ಮಿಂದ ನಮಗೆ ಬರುವುದು ಬೇಡ ಎಂದರು. ಹಾಗೆ ಆಗುವುದಾದರೆ ತಮ್ಮ ಕಣದ ಪಕ್ಕದ ಜಾಗವನ್ನೇ ಬಿಟ್ಟುಕೊಡುತ್ತೇವೆ ಎಂದೂ ಹೇಳಿದರು.

ಇವರು ವಾದ ಮಾಡಿದರು, ಬೇಡಿಕೊಂಡರು, ಮಠದ ಹಿರಿಯರಿಂದ ಹೇಳಿಸಿದರು. ಯಜಮಾನರು ಜಗ್ಗಲಿಲ್ಲ. ಮೇಲಿನ ಅಧಿಕಾರಿಗಳು, ಊರು ಒಪ್ಪದಿದ್ದರೆ ಯೋಜನೆಯನ್ನು ಬೇರೆ ಊರಿಗೆ ಕೊಡುತ್ತೇವೆ ಎಂದು ಹೆದರಿಸಿದರು. ಕೊನೆಗೆ ಇವರು ಸೋತರು. ಗುಂಡಿ ದೊಡ್ಡಬೀದಿಯ ಆ ತುದಿಗೆ ಹೋಯಿತು. ಪೈಪು ಅವರ ಮನೆಗಳನ್ನೆಲ್ಲ ಸುತ್ತಿ, ಬಯಲು ದಾಟಿ, ನಮ್ಮ ಬೀದಿಗೆ ಬಂತು. “ಏನೂ ಇಲ್ಲದ್ದಕ್ಕಿಂತ ಇದು ವಾಸಿ ಕಣಮ್ಮ. ಮುಂದಿನ ವರ್ಷ ನಿಮಗೇ ಅಂತ ಬೇರೆ ಲೈನ್ ಹಾಕಿಸ್ತೀನಿ” ಎಂದು ನನಗೆ ಹೇಳುವಾಗ ಅವರ ಕಣ್ಣು ಪೈಪಿನ ಮೇಲಿತ್ತು. ನಾನು ಆ ಮಾತನ್ನು ಹಾಗೇ ಒಯ್ದು ಬೀದಿಗೆ ಹೇಳಿದೆ.

ನಾಲೆಯ ಕೊನೆಯ ಗದ್ದೆಯವರಿಗೆ ಏನಾಗುತ್ತದೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅದೇ ಆಯಿತು. ಬೆಳಿಗ್ಗೆ ದೊಡ್ಡಬೀದಿಯ ಅಡಿಗೆ ಮುಗಿದ ಮೇಲೆ ನಮಗೆ ಗ್ಯಾಸು ಬರುತ್ತಿತ್ತು. ಅಷ್ಟರಲ್ಲಿ ನಮ್ಮ ಹೆಂಗಸರು ಕೂಲಿಗೆ ಹೋಗಿ ಆಗಿರುತ್ತಿತ್ತು. ಸಂಜೆ ಬರುತ್ತಲೇ ಇರಲಿಲ್ಲ. ಇವರು ದಿನಾ ಬಂದು, ನಮ್ಮ ಮನೆಯ ಒಲೆಯ ಮುಂದೆ ಕೂತು, ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದರು. ಒಮ್ಮೊಮ್ಮೆ ಹುಳು ಮಿಣುಕಿದಷ್ಟು ಉರಿ ಬಂದು ಆರಿಹೋಗುತ್ತಿತ್ತು. “ಬಂತು, ಬಂತು, ನೀಲಿ!” ಎಂದು ಅವರು ಕೂಗುವಷ್ಟರಲ್ಲಿ ಇರುತ್ತಿರಲಿಲ್ಲ. ಅವ್ವ ಹಿಂದೆ ನಿಂತು ನೋಡುತ್ತಿದ್ದಳು. “ಟೇಲೆಂಡ್‌ಗೆ ನೀರೇ ಬರಾಕಿಲ್ಲ, ಇನ್ನು ಗಾಳಿ ಬಂದದಾ ಸಾ” ಎಂದಳು ಒಂದು ದಿನ, ಮೆಲ್ಲಗೆ.

ನಮ್ಮ ಸಗಣಿ ಮಾತ್ರ ದಿನಾ ಹೋಗುತ್ತಿತ್ತು, ಮಂಕರಿಯಲ್ಲಿ, ತಲೆಯ ಮೇಲೆ, ದೊಡ್ಡಬೀದಿಯ ಉದ್ದಕ್ಕೂ. ಬೇರೆ ಲೈನ್ ಬರುತ್ತದೆ, ಕೊಡುವುದನ್ನು ನಿಲ್ಲಿಸಬೇಡಿ ಎಂದು ನಾನು ಹೇಳುತ್ತಲೇ ಇದ್ದೆ. ಗೋಡೆಯಲ್ಲಿ ಬೆರಣಿ ಇಲ್ಲದ್ದರಿಂದ ಹೆಂಗಸರು ಸೌದೆಗೆ ಇನ್ನೂ ದೂರ ಹೋದರು. ಮಳೆಗಾಲದಲ್ಲಿ ಹಸಿ ಜಾಲಿ, ಹಿಪ್ಪುನೇರಳೆ ಕಡ್ಡಿ, ನೆನೆದ ತೆಂಗಿನ ಮಟ್ಟೆ. ಮೊದಲಿಗಿಂತ ಎರಡರಷ್ಟು ಹೊಗೆ. ಅವ್ವ ಚೌಕಟ್ಟು ಹಿಡಿದು ನಿಲ್ಲುವ ಹೊತ್ತು ಹೆಚ್ಚಾಯಿತು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬೇರೆ ಲೈನ್ ಬರುವ ಮೊದಲು ಅವರಿಗೆ ನರಸೀಪುರಕ್ಕೆ ವರ್ಗವಾಯಿತು. ಹೇಳಿಹೋಗಲು ನಮ್ಮ ಬೀದಿಗೆ ಬಂದರು, ಬರದೆ ಹೋಗಬಹುದಿತ್ತು. ಜನ ಸುತ್ತ ನಿಂತರು. ಯಾರೂ ಬೈಯಲಿಲ್ಲ. ಅವ್ವ ಕೇಳಿದಳು: “ಓಯ್ತೀರಾ ಸಾ? ಅಂಗಾದ್ರೆ ನಮ್ ಒಲೆ?”

ಅವರು ಕಪಿಲೆಯ ದಿಕ್ಕಿಗೆ, ನಂಜುಂಡೇಶ್ವರನ ಗುಡಿಯ ಕಡೆಗೆ ತಿರುಗಿ ಕೈ ಮುಗಿದು, “ನಂಜುಂಡನ ಆಣೆ ಕಣಮ್ಮ. ಈ ಬೀದಿಯ ಕಡೇ ಮನೇಲೂ ಗ್ಯಾಸ್ ಒಲೆ ಉರಿಯೋವರೆಗೂ ನನ್ನ ಮನೇಲಿ ಗ್ಯಾಸ್ ಹಚ್ಚಲ್ಲ. ಈಗ ತಾನೇ ಸಿಲಿಂಡರ್ ಬಂದಿದೆ, ಅದನ್ನೂ ವಾಪಸ್ ಕೊಡ್ತೀನಿ” ಎಂದರು.

ನಮ್ಮ ಕಡೆ ಇದು ಹೊಸದಲ್ಲ. ನಂಜುಂಡನಿಗೆ ಹರಕೆ ಹೊತ್ತವರು ಅಂದುಕೊಂಡ ಕಾರ್ಯ ಆಗುವವರೆಗೆ ಏನಾದರೊಂದನ್ನು ಬಿಡುತ್ತಾರೆ. ಕ್ಷೌರ ಬಿಡುತ್ತಾರೆ, ಎಲೆಯಡಿಕೆ ಬಿಡುತ್ತಾರೆ, ಚಪ್ಪಲಿ ಬಿಡುತ್ತಾರೆ. ಇವರು ಗ್ಯಾಸು ಬಿಟ್ಟರು. ಆ ಕಾಲದಲ್ಲಿ ಸಿಲಿಂಡರ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು, ಹಾಗಾಗಿ ಅದು ಸಣ್ಣ ಮಾತಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅವ್ವನ ಕಣ್ಣಲ್ಲಿ ಬರಲಿಲ್ಲ. ಅವರು ಹೋದ ಮೇಲೆ, “ಅವರ ಆಣೆ ತಗಂಡು ನಾನೇನ್ ಬೇಯಿಸ್ಲವ್ವ” ಎಂದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಕೆಲವು ತಿಂಗಳಲ್ಲಿ ನಮ್ಮ ಬೀದಿಯವರು ಸಗಣಿ ಕೊಡುವುದನ್ನು ನಿಲ್ಲಿಸಿದರು, ಗುಂಡಿಗೆ ಸಾಲದೆ ಹೋಯಿತು, ಮೇಲಿನ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ಕೂತಿತು. ದೊಡ್ಡಬೀದಿಯವರು ಸಿಲಿಂಡರ್ ತರಿಸಿಕೊಂಡರು.

ನಾನು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ್ದು ನರಸೀಪುರದ ಆಸ್ಪತ್ರೆಗೆ. ಅಲ್ಲಿಗೆ ಹೋದ ವಾರದಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ತಲಕಾಡಿಗೆ ಹೋಗುವ ಬಸ್ಸೊಂದು ಡ್ರೈವರ್ ಕಾಫಿ ಕುಡಿಯುವವರೆಗೂ ಗುರುಗುಟ್ಟುತ್ತ ನಿಂತಿತ್ತು. ಇವರು ಕಿಟಕಿಯ ಕೆಳಗೆ ನಿಂತು, ಇಂಜಿನ್ ಆಫ್ ಮಾಡಪ್ಪ, ಸುಮ್ಮನೆ ಡೀಸೆಲ್ ಸುಡ್ತೀಯಲ್ಲ ಎಂದು ಪಾಠ ಹೇಳುತ್ತಿದ್ದರು.

“ಆಪ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಾಕಿಲ್ಲ ಸಾ. ನೀವ್ ತಳ್ತೀರಾ?” ಎಂದ ಡ್ರೈವರ್.

“ತಳ್ತೀನಿ, ಮಾಡು!”

ಅವನೂ ಹಟಕ್ಕೆ ಬಿದ್ದು ಆಫ್ ಮಾಡಿದ. ಹೊರಡುವ ಹೊತ್ತಿಗೆ ನಿಜಕ್ಕೂ ಸ್ಟಾರ್ಟ್ ಆಗಲಿಲ್ಲ. ಇವರು ಪಂಚೆ ಎತ್ತಿಕಟ್ಟಿ ಹಿಂದೆ ಹೋಗಿ ನಿಂತರು. ಯಾತ್ರೆಗೆ ಹೊರಟಿದ್ದ ಗಂಡಸರೆಲ್ಲ ಇಳಿದು, ಇವರನ್ನು ಬಾಯಿಗೆ ಬಂದಂತೆ ಬೈಯುತ್ತ ಕೈಜೋಡಿಸಿದರು. ಬಸ್ಸು ಹೋದ ಮೇಲೆ ಬೆವರು ಒರೆಸಿಕೊಳ್ಳುತ್ತ ತಿರುಗಿದವರು ನನ್ನನ್ನು ನೋಡಿದರು. ಮುಖದ ನಗು ಹಾಗೇ ಇಳಿದುಹೋಯಿತು. “ಅವ್ವ ಹೇಗಿದ್ದಾರೆ?” ಎಂದರು. ಉರಿಯ ಬಣ್ಣ ಕೇಳಲಿಲ್ಲ. ಲೋಕದಲ್ಲಿ ಅವರು ಆ ಪ್ರಶ್ನೆ ಕೇಳದೆ ಬಿಟ್ಟದ್ದು ನನ್ನೊಬ್ಬಳನ್ನೇ ಇರಬೇಕು.

ಅಲ್ಲಿಂದ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದು, ಹೊರಗಿನ ಬೆಂಚಿನ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು. ಆಗ ಅವರಿಗೆ ಆಲೆಮನೆಗಳ ಹುಚ್ಚು ಹಿಡಿದಿತ್ತು. ನರಸೀಪುರದ ಸುತ್ತ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಗಳಲ್ಲಿ ಸಿಪ್ಪೆ ಸಾಲದಾಗ ಹಳೆಯ ಟಯರುಗಳನ್ನು ಒಲೆಗೆ ತುಂಬುತ್ತಿದ್ದರು. ಊರಿಗೆ ಊರೇ ಕಪ್ಪು ಹೊಗೆ. ಇವರು ಅಲ್ಲಿಗೆ ಹೋಗಿ, ಒಲೆಯ ಬಾಯಿ ಕಿರಿದು ಮಾಡಿಸಿ, ಗಾಳಿಗೆ ಕಂಡಿ ಬಿಡಿಸಿ, ಇದ್ದ ಸಿಪ್ಪೆಯಲ್ಲೇ ಬೆಲ್ಲ ಆಗುವಂತೆ ಮಾಡಿಕೊಟ್ಟರು. ಒಬ್ಬ ಮಾಲೀಕ ಸಂತೋಷದಿಂದ ಬೆಲ್ಲದ ಅಚ್ಚು ಕೊಟ್ಟು ಕಳಿಸಿದ. ಮುಂದಿನ ಸುಗ್ಗಿಗೆ ನೋಡಲು ಹೋದರೆ ಅದೇ ಒಲೆಯಲ್ಲಿ ಟಯರು ಉರಿಯುತ್ತಿತ್ತು. “ಸಿಪ್ಪೆ ಮಿಕ್ತಲ್ಲ ಸಾ, ಕಾಗ್ದದ್ ಪ್ಯಾಕ್ಟ್ರಿಯೋರ್ಗೆ ಮಾರ್ಕಂಡೆ” ಎಂದನಂತೆ. ಇದನ್ನು ನನಗೆ ಹೇಳುತ್ತ ಹೊಟ್ಟೆ ಹಿಡಿದು ನಕ್ಕರು. ಸೋಲನ್ನು ಅಷ್ಟು ರಸವತ್ತಾಗಿ ಹೇಳುವವರನ್ನು ನಾನು ಬೇರೆ ಕಂಡಿಲ್ಲ. ಮಾರನೆಯ ದಿನ ಮತ್ತೆ ಅದೇ ಆಲೆಮನೆಗೆ ಹೋದರು.

ನಮ್ಮ ಬೀದಿಯ ಸೋಲನ್ನು ಮಾತ್ರ ನಗುತ್ತ ಹೇಳಲಿಲ್ಲ. ಪ್ರತಿ ಸಲ ಹೊರಡುವ ಮುಂಚೆ, “ಆ ಪೈಪ್ ತಿರುಗಿಸಿದ್ದು ನಾನೇ ಕಣಮ್ಮ. ಗಟ್ಟಿಯಾಗಿ ನಿಲ್ಲಬೇಕಾಗಿತ್ತು. ಯೋಜನೆ ಹೋದ್ರೆ ಹೋಗ್ಲಿ ಅನ್ನಬೇಕಾಗಿತ್ತು” ಎನ್ನುತ್ತಿದ್ದರು. ಪೈಪು ತಿರುಗಿಸಿದ್ದು ಅವರು, ಸರಿ. ಗೋಡೆಯ ಬೆರಣಿ ಕೀಳಿಸಿದ್ದು ನಾನು. ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ. ಎಲ್ಲ ತಪ್ಪನ್ನೂ ಅವರು ಹೊರಲು ಸಿದ್ಧರಿದ್ದರು, ನಾನು ಹೊರಿಸಿ ಹಗುರಾಗಿದ್ದೆ.

ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹೆಂಡತಿ ಕೊಟ್ಟು ಕಳಿಸಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತರುತ್ತಿದ್ದರು. ಸೌದೆ ಒಲೆಯಲ್ಲಿ ಸುಟ್ಟ ರೊಟ್ಟಿಯ ಘಮವೇ ಬೇರೆ. ನನ್ನ ಬಾಡಿಗೆ ಕೋಣೆಯ ಗ್ಯಾಸ್ ಒಲೆಯಲ್ಲಿ ಆ ರುಚಿ ಎಂದೂ ಬರಲಿಲ್ಲ. “ಇಂಥ ರೊಟ್ಟಿ ತಿಂದು ಎಷ್ಟು ಕಾಲ ಆಯ್ತು ಸರ್, ಮನೆಯವರಿಗೆ ಹೇಳಿ” ಎಂದು ಹೊಗಳುತ್ತಿದ್ದೆ. ಅವರು ಖುಷಿಯಾಗಿ ಮುಂದಿನ ಸಲ ಇನ್ನೆರಡು ಹೆಚ್ಚು ತರುತ್ತಿದ್ದರು. “ಮನೆಗೇ ಬಾಮ್ಮ, ಬಿಸಿಬಿಸಿ ತಿನ್ನುವಂತೆ” ಎಂದು ಕರೆಯುತ್ತಲೇ ಇದ್ದರು. ನಾನು ಹೋಗಲಿಲ್ಲ. ಅವರು ನಮ್ಮ ಮನೆಯ ನೀರು ಕುಡಿದವರು, ನಿಜ. ಅವರ ಮನೆಯವರು ಹೊಸಬೀದಿಯವಳನ್ನು ಎಲ್ಲಿಯವರೆಗೆ ಒಳಗೆ ಬಿಟ್ಟಾರು, ನಡುಮನೆಯವರೆಗೋ, ಹಜಾರದವರೆಗೋ? ಅದನ್ನು ಪರೀಕ್ಷೆ ಮಾಡಲು ನನಗೆ ಧೈರ್ಯ ಸಾಲಲಿಲ್ಲ. ಬಸ್ಸಿಗೆ ಹೊತ್ತಾಯ್ತು, ಡ್ಯೂಟಿ ಇದೆ ಎಂದು ಪ್ರತಿ ಸಲವೂ ಜಾರಿಕೊಂಡೆ.

ಅವ್ವ ಉಬ್ಬಸದಲ್ಲೇ ಹೋದಳು. ನಾನು ನರ್ಸ್ ಆಗಿದ್ದೂ ಏನೂ ಮಾಡಲಾಗಲಿಲ್ಲ. ಎದೆ ಅಷ್ಟು ಹಾಳಾಗಿತ್ತು. ಸುದ್ದಿ ತಿಳಿದು ಅವರು ಊರಿಗೆ ಬಂದರು. ಮಣ್ಣು ಮಾಡುವ ಜಾಗದಲ್ಲಿ ದೂರ ನಿಂತಿದ್ದು, ಎಲ್ಲರೂ ಹಿಡಿಮಣ್ಣು ಹಾಕಿದ ಮೇಲೆ ತಾವೂ ಹಾಕಿದರು. ಆಮೇಲೆ ನಮ್ಮ ಜಗಲಿಯ ಮೇಲೆ ಅದೇ ಜಾಗದಲ್ಲಿ ಕೂತರು. “ನೋಡ್ತಾ ಇರು ಅಂದಿದ್ದೆ ಆವಮ್ಮಂಗೆ” ಎಂದರು. ಬೀದಿಯವರು ಅವರಿಗೆ ಕಾಫಿ ಕೊಟ್ಟು ಸಮಾಧಾನ ಹೇಳಿದರು. ನಾನು ಹೇಳಲಿಲ್ಲ. ಯಾರಾದರೊಬ್ಬರ ಮೇಲೆ ಸಿಟ್ಟು ಇಟ್ಟುಕೊಳ್ಳದೆ ಆ ದಿನ ದಾಟಲು ನನಗೆ ಆಗುತ್ತಿರಲಿಲ್ಲ, ಅವರು ಎದುರಿಗೇ ಸಿಕ್ಕರು.

ಅದಾದ ಕೆಲವು ವರ್ಷಗಳಲ್ಲಿ ನಮ್ಮ ಬೀದಿ ಬದಲಾಯಿತು. ತಾಂಡ್ಯದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗ ಹುಡುಗಿಯರು ತಮ್ಮ ಸಂಬಳದಲ್ಲಿ ಒಬ್ಬೊಬ್ಬರಾಗಿ ಸಿಲಿಂಡರ್ ತಂದರು. ಒಂದು ಯುಗಾದಿಗೆ ಊರಿಗೆ ಹೋದಾಗ ನೋಡುತ್ತೇನೆ, ಕಡೇ ಮನೆಯ ಮುದುಕಿಯೂ ಮೊಮ್ಮಗಳು ತಂದುಕೊಟ್ಟ ಗ್ಯಾಸ್ ಒಲೆಯ ಮೇಲೆ ಹೋಳಿಗೆ ಬೇಯಿಸುತ್ತ ಕೂತಿದ್ದಳು. ಬೀದಿಯ ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಅವ್ವನನ್ನು ನೆನೆದು ಅತ್ತೆ. ಅವರ ಆಣೆಯೂ ನೆನಪಿಗೆ ಬಂತು.

ಮುಂದಿನ ತಿಂಗಳು ಅವರು ರೊಟ್ಟಿ ಹಿಡಿದುಕೊಂಡು ಬಂದರು. ಆಗಲೇ ನಿವೃತ್ತರಾಗಿದ್ದರು. ಬೆಂಚಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, “ನಿಮ್ಮ ಬೀದಿ ಹೇಗಿದೆಯಮ್ಮ? 
ಏನಾದ್ರೂ ಆಯ್ತಾ?” ಎಂದರು.

“ಹಾಗೇ ಇದೆ ಸರ್” ಎಂದೆ.

ಯಾಕೆ ಹಾಗೆ ಹೇಳಿದೆ? ಬಹಳ ದಿನ ನನಗೆ ನಾನೇ ಒಂದು ಸಬೂಬು ಹೇಳಿಕೊಂಡಿದ್ದೆ. ಸಿಲಿಂಡರ್ ಎಂದರೆ ಅವರಿಗೆ ಆಗದು. ಭೂಮಿಯ ಅಡಿಯಿಂದ ಅಗೆದು ತಂದದ್ದು, ಎಂದಾದರೂ ಮುಗಿಯುವಂಥದ್ದು, ಊರಿನ ಸಗಣಿಗೆ ಸೋಲಾಗಿ ಹೊರಗಿನ ಸಿಲಿಂಡರ್ ಗೆದ್ದಿದೆ ಎಂದು ಕೇಳಿದರೆ ಮುದುಕರ ಎದೆ ಒಡೆಯುತ್ತದೆ, ಸುಮ್ಮನಿರುವುದೇ ಮೇಲು ಎಂದು. ಅದರಲ್ಲಿ ಅರ್ಧ ನಿಜ. ಇನ್ನರ್ಧ ಏನೆಂದರೆ ಅವರು ಬಿಡುಗಡೆಯಾಗುವುದು ನನಗೆ ಬೇಕಿರಲಿಲ್ಲ. ಅವರು ಆಣೆಯಿಂದ ಬಿಡಿಸಿಕೊಂಡು ಹಾಯಾಗಿ ಮನೆಯಲ್ಲಿ ಕೂತರೆ, ಅವ್ವನ ಲೆಕ್ಕಕ್ಕೆ ಉಳಿಯುವವಳು ನಾನೊಬ್ಬಳೇ. ಒಬ್ಬಳೇ ಇರಲು ನನಗೆ ಹೆದರಿಕೆಯಿತ್ತು. ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ ಕೊಟ್ಟೆ. ಅವರು ತಲೆ ತಗ್ಗಿಸಿಕೊಂಡು ಎದ್ದು ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ.

ಅವರು ತೀರಿಕೊಂಡಾಗ ನಾನು ರಜೆಯ ಮೇಲೆ ಊರಲ್ಲಿದ್ದೆ. ಎದೆನೋವೆಂದು ಕೂತವರು ಏಳಲಿಲ್ಲವಂತೆ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಮೊದಲ ಸಲ ಅವರ ಮನೆ ಹುಡುಕಿಕೊಂಡು ಹೋದೆ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಸಣ್ಣ ಬಾಡಿಗೆ ಮನೆ. ದನ ಕಟ್ಟಲು ಜಾಗವಿಲ್ಲ, ಗುಂಡಿ ತೋಡಲು ಹಿತ್ತಿಲಿಲ್ಲ. ಊರಿಗೆಲ್ಲ ಗೋಬರ್ ಗ್ಯಾಸ್ ಮಾಡಿಕೊಟ್ಟವರಿಗೆ ಸ್ವಂತಕ್ಕೊಂದು ಮಾಡಿಕೊಳ್ಳುವ ದಾರಿ ಇರಲಿಲ್ಲ.

ಅವರ ಹೆಂಡತಿ ಬಾಗಿಲು ತೆರೆದರು. ಸಣಕಲು ಮೈ, ಕೆಂಪಡರಿದ ಕಣ್ಣು. ಅತ್ತು ಕೆಂಪಾಗಿರಬೇಕು ಎಂದುಕೊಂಡೆ. ಯಾರೆಂದು ಹೇಳುವ ಮೊದಲೇ ಗುರುತು ಹಿಡಿದರು.

“ಆಸ್ಪತ್ರೆ ಅವ್ವ ಅಲ್ವಾ? ಬನ್ನಿ, ಬನ್ನಿ. ನಿಮ್ಮನ್ನ ಎಸ್ಟ್ ನೆನೀತಿದ್ರು. ಬನ್ನಿ ಒಳಕ್ಕೆ, ಇಲ್ಲೇ ಬನ್ನಿ, ಕಾಪಿ ಮಾಡ್ತೀನಿ” ಎಂದು ಕೈ ಹಿಡಿದುಕೊಂಡು ಸೀದಾ ಅಡಿಗೆಮನೆಗೇ ಕರೆದುಕೊಂಡು ಹೋದರು. ನಡುಮನೆಯೋ ಹಜಾರವೋ ಎಂದು ಇಷ್ಟು ವರ್ಷ ನಾನು ಲೆಕ್ಕ ಹಾಕಿದ್ದೇ ಬಂತು.

ಅಡಿಗೆಮನೆಯ ಗೋಡೆ ಸೂರಿನವರೆಗೂ ಕಪ್ಪಗಿತ್ತು. ನೆಲದ ಮೇಲೆ ಮಣ್ಣಿನ ಒಲೆ, ಮೂಲೆಯಲ್ಲಿ ಸೌದೆ. ಸಣ್ಣ ಕಿಟಕಿಯೊಂದಿತ್ತು, ಪಕ್ಕದ ಮನೆಯ ಗೋಡೆ ಅದಕ್ಕೆ ಅಡ್ಡ ನಿಂತಿತ್ತು. ಅವರು ಕುಕ್ಕರಗಾಲಲ್ಲಿ ಕೂತು ಊದಿದರು. ಹೊಗೆ ಎದ್ದಿತು, ಅದರ ಜೊತೆಗೆ ಕೆಮ್ಮು. ಆ ಕೆಮ್ಮನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲೆ. ಕೆಲಸದಿಂದಲ್ಲ, ಮನೆಯಿಂದ ಕಲಿತದ್ದು ಅದು. ಹಳ್ಳಿಹಳ್ಳಿಗೆ ಹೋಗಿ ಹೆಂಗಸರಿಗೆ ಒಲೆಯ ಹೊಗೆ ಕುಡಿಯಬೇಡಿ ಎಂದು ಹೇಳಿ ಬರುವವಳು ನಾನು. ಆಣೆ ಇಟ್ಟವರು ಇವರ ಗಂಡ, ಅದನ್ನು ನಡೆಸುತ್ತಿರುವವರೂ ಅವರೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

“ಯಾವಾಗಿನಿಂದ ಕೆಮ್ಮು?” ಎಂದೆ.

“ಅದೇನಿಲ್ಲ ಬುಡವ್ವ. ಒಲೆ ಮುಂದೆ ಕೂತ್ರೆ ಬತ್ತದೆ, ಎದ್ರೆ ಓಯ್ತದೆ. ಈಗೀಗ ಎದ್ರೂ ಒಸಿ ಹೊತ್ತು ಇರ್ತದೆ, ಅಸ್ಟೇಯ” ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ದೂರು ಹೇಳುವ ದನಿಯಲ್ಲ. ಬೇಸಿಗೆಯಲ್ಲಿ ಸೆಕೆ ಎನ್ನುವ ದನಿ. ಉರಿ ಹತ್ತಿತು. ಹಳದಿ ಉರಿ. ಪಾತ್ರೆ ಇಟ್ಟು ನನ್ನ ಕಡೆ ತಿರುಗಿದರು.

“ಒಂದ್ ಮಾತ್ ಕೇಳ್ಬೇಕು ಅಂತಿದ್ದೆ ಕಣವ್ವ. ನಿಮ್ ಬೀದಿಗೆ ಗ್ಯಾಸ್ ಬಂತಾ? ನಿಮ್ತಾವಿಂದ ಬಂದಾಗೆಲ್ಲ ಕೇಳ್ತಿದ್ದೆ, ‘ಇನ್ನೂ ಇಲ್ವಂತೆ ಕಣೇ’ ಅಂತಿದ್ರು.”

ಈಗಷ್ಟೇ ಬಂತು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಹೇಳಲಾಗಲಿಲ್ಲ.

“ಬಂದಿದೆ ಅಮ್ಮ. ಬಂದು ಬಹಳ ವರ್ಷ ಆಯ್ತು. ಕಡೇ ಮನೆಗೂ ಬಂದಿದೆ. ನಾನೇ ಅವರಿಗೆ ಹೇಳಲಿಲ್ಲ.”

 ಯಾಕೆ ಎಂದು ಕೇಳುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಹಾಲು ಉಕ್ಕಿ ಬಂತು. ಅವರು ಸೌದೆಯನ್ನು ಹಿಂದಕ್ಕೆ ಎಳೆದು, ಪಾತ್ರೆ ಇಳಿಸಿ, ಕಾಫಿ ಸೋಸಿ, ಲೋಟ ನನ್ನ ಕೈಗೆ ಕೊಟ್ಟರು. ಆಮೇಲೆ ದೊಡ್ಡವರ ಹತ್ತಿರ ಅಪ್ಪಣೆ ಕೇಳುವವರ ಹಾಗೆ ದನಿ ತಗ್ಗಿಸಿ, “ಅಂಗಾದ್ರೆ ಇನ್ಮೇಲೆ ನಾನೂ ಒಂದು ಸಿಲಿಂಡರ್ ತರಿಸ್ಕೋಬೌದೇನವ್ವ?” ಎಂದು ನನ್ನನ್ನು ಕೇಳಿದರು.